ರೌಟರ್ ಮೆಮೊರಿ

ರೌಟರ್ ಮೆಮೊರಿ: ನೆಟ್‌ವರ್ಕ್‌ಗಳ ನಡುವೆ ಡೇಟಾ ಪ್ಯಾಕೆಟ್‌ಗಳನ್ನು ದಾಟಿಸುವ ರೌಟರ್‌ನಲ್ಲಿ ತಂತ್ರಾಂಶ, ಮಾರ್ಗಪಟ್ಟಿ ಹಾಗೂ ಸರದಿಯಲ್ಲಿರುವ ಪ್ಯಾಕೆಟ್‌ಗಳನ್ನು ಹಿಡಿದಿಡುವ ಸ್ಮೃತಿಕೋಶಗಳು. ಇವುಗಳಲ್ಲಿ ಒಂದರ ಕೊರತೆಯನ್ನು ಮತ್ತೊಂದು ತುಂಬಲಾರದು. ಆದ್ದರಿಂದ ಪ್ರತಿಯೊಂದರ ಅಗತ್ಯವನ್ನೂ ಬೇರೆಬೇರೆಯಾಗಿ ಲೆಕ್ಕಹಾಕಬೇಕಾಗುತ್ತದೆ.

ವಿಧಗಳು: ಸಿಸ್ಕೊ ಕಂಪನಿಯ ಸಾಂಪ್ರದಾಯಿಕ ರೌಟರ್‌ಗಳಲ್ಲಿ ಚಾಲನೆಯ ಮೊದಲ ಸೂಚನೆಗಳು ರೋಮ್‌ನಲ್ಲೂ ಕಾರ್ಯಾಚರಣೆ ತಂತ್ರಾಂಶ ಫ್ಲ್ಯಾಶ್‌ನಲ್ಲೂ ಉಳಿಸಿಟ್ಟ ಸಂರಚನೆ ಎನ್‌ವಿ-ರ‍್ಯಾಮ್‌ನಲ್ಲೂ ಇರುತ್ತವೆ. ಚಾಲ್ತಿ ಸಂರಚನೆ, ಮಾರ್ಗಪಟ್ಟಿಗಳು ರ‍್ಯಾಮ್‌ನಲ್ಲಿರುವುದರಿಂದ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತವೆ.

ಮಾರ್ಗಪಟ್ಟಿ: ಜಾಲಗಳು ಪರಸ್ಪರ ಮಾರ್ಗ ತಿಳಿಸಿಕೊಳ್ಳುವ ಬಿಜಿಪಿ ನಿಯಮಾವಳಿಯನ್ನು ಬಳಸುವ ರೌಟರ್‌ಗೆ ನೆರೆಯ ಪ್ರತಿ ರೌಟರೂ ತನ್ನ ಪಟ್ಟಿಯನ್ನು ಕಳಿಸುತ್ತದೆ. ಸಂಪರ್ಕಗಳು ಹೆಚ್ಚಿದಷ್ಟೂ ರ‍್ಯಾಮ್ ಬೇಡಿಕೆ ಏರುತ್ತದೆ. ಅವುಗಳಿಂದ ಆಯ್ದ ಉತ್ತಮ ಮಾರ್ಗಗಳು ಮಾತ್ರ ಟಿಕ್ಯಾಮ್ ಎಂಬ ವಿಶೇಷ ಚಿಪ್‌ಗೆ ಇಳಿಯುತ್ತವೆ. ಇದು ವಿಳಾಸವನ್ನು ಎಲ್ಲ ನಮೂದುಗಳೊಂದಿಗೆ ಏಕಕಾಲಕ್ಕೆ ಹೋಲಿಸಬಲ್ಲದು. ಆದರೆ ದುಬಾರಿ, ವಿದ್ಯುತ್ ಬಳಕೆಯೂ ಹೆಚ್ಚು; ಹೀಗಾಗಿ ಅದರಲ್ಲಿ ಜಾಗ ಸೀಮಿತ.

2014ರ ಆಗಸ್ಟ್ 12ರಂದು ಈ ಮಿತಿ ಬಯಲಾಯಿತು. ಅಮೆರಿಕದ ದೂರಸಂಪರ್ಕ ಕಂಪನಿ ವೆರಿಜಾನ್ ಸುಮಾರು 15,000 ಮಾರ್ಗಗಳನ್ನು ಏಕಾಏಕಿ ಪ್ರಕಟಿಸಿದ್ದರಿಂದ ಇಂಟರ್‌ನೆಟ್‌ನ ಐಪಿವಿ4 ವಿಳಾಸಗಳ ಮಾರ್ಗಪಟ್ಟಿ 512 ಕೆ (ಸುಮಾರು ಐದು ಲಕ್ಷ ಮಾರ್ಗಗಳ) ಗಡಿ ಮುಟ್ಟಿತು. ಸಿಸ್ಕೊ 6500, 7600 ಸರಣಿಯ ಹಲವು ಸಾಧನಗಳ ಟಿಕ್ಯಾಮ್‌ನಲ್ಲಿ ಸುಮಾರು ಹತ್ತು ಲಕ್ಷ ನಮೂದುಗಳಿಗೆ ಜಾಗವಿತ್ತು. ಆದರೆ ಅದರ ಅರ್ಧ, ತಲಾ ಎರಡು ಸ್ಥಾನ ಬೇಡುವ, ಹೊಸ ವಿಳಾಸ ಪದ್ಧತಿಯಾದ ಐಪಿವಿ6ರ ಮಾರ್ಗಗಳಿಗೆ ಮೀಸಲಾಗಿ ಬಹುಪಾಲು ಖಾಲಿ ಬಿದ್ದಿತ್ತು. ಜಾಗ ಸಿಗದ ಮಾರ್ಗಗಳ ಪ್ಯಾಕೆಟ್‌ಗಳು ನಿಧಾನಗತಿಯ ಪ್ರೊಸೆಸರ್ ಪಾಲಾಗಿ ಹಲವೆಡೆ ಸಂಪರ್ಕ ಕುಂಟಿತು. ಹಂಚಿಕೆ ಬದಲಿಸಿ ಸಾಧನವನ್ನು ಮರುಚಾಲನೆ ಮಾಡುವುದೇ ಪರಿಹಾರವಾಗಿತ್ತು.

ಬಫರ್: ಸರದಿಯಲ್ಲಿರುವ ಪ್ಯಾಕೆಟ್‌ಗಳನ್ನು ಹಿಡಿದಿಡುವ ಈ ಮೆಮೊರಿಯ ಗಾತ್ರ ತಿಳಿಯಲು ಲಿಂಕ್‌ನ ವೇಗವನ್ನು ಪ್ಯಾಕೆಟ್ ಹೋಗಿಬರುವ ಸಮಯದಿಂದ ಗುಣಿಸುವುದು ಹಳೆಯ ಸೂತ್ರ. ಸೆಕೆಂಡಿಗೆ 10 ಗಿಗಾಬಿಟ್ ವೇಗಕ್ಕೆ, 250 ಮಿಲಿಸೆಕೆಂಡ್ ಅವಧಿಗೆ 2.5 ಗಿಗಾಬಿಟ್ ಬೇಕು. ಅನೇಕ ಹರಿವುಗಳು (ಬೇರೆಬೇರೆ ಸಂಪರ್ಕಗಳ ಪ್ಯಾಕೆಟ್ ಸಾಲುಗಳು) ಸೇರುವಲ್ಲಿ ಇದನ್ನು ಹರಿವುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸಾಕೆಂದು ಸಂಶೋಧಕರಾದ ಅಪ್ಪೆನ್‌ಜೆಲ್ಲರ್, ಕೆಸ್ಲಾಸಿ, ಮೆಕ್‌ಕ್ಯೂನ್ 2004ರಲ್ಲಿ ತೋರಿಸಿದರು. 10,000 ಹರಿವುಗಳಿದ್ದರೆ 25 ಮೆಗಾಬಿಟ್ ಸಾಕು. ಅತಿಯಾದ ಬಫರ್ ಪ್ಯಾಕೆಟ್‌ಗಳನ್ನು ಕಾಯಿಸಿ, ವಿಡಿಯೊ ಕರೆಗಳನ್ನು ತಡವಾಗಿಸುತ್ತದೆ. ಇದೇ ‘ಬಫರ್‌ಬ್ಲೋಟ್’.

ಮನೆಯ ರೌಟರ್: ಇಲ್ಲಿ ಮಾರ್ಗಪಟ್ಟಿ ಪುಟ್ಟದು. ತಂತ್ರಾಂಶ ಹಾಗೂ ಒಂದೇ ವಿಳಾಸ ಹಂಚಿಕೊಳ್ಳುವ ಸಂಪರ್ಕಗಳ ದಾಖಲೆಗಳೇ ಮೆಮೊರಿಯನ್ನು ಬಳಸುತ್ತವೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನ ಸಾಧನಗಳಿಗೆ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯ 19.07 ಆವೃತ್ತಿಯೇ ಕೊನೆಯದಾಯಿತು.