ನಮ್ಮ ಡಿಗ್ರಿಯಲ್ಲಿ ಯಾರ ಅನ್ನವಿದೆ?

ಡಿಗ್ರಿ ಸರ್ಟಿಫಿಕೇಟು ಹಿಡಿದು ಊರಿಗೆ ಹೋದ ದಿನ ಅವ್ವ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡಳು. ಅವಳಿಗೆ ಓದಲು ಬರುವುದಿಲ್ಲ. ಮೊಹರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: ‘ಮೂರ್ ವರ್ಸ ಮುದ್ದೆ ಬೇಯ್ಸಿ ಹಾಕ್ದನಲ್ಲ ಆ ಹಾಸ್ಟಲ್ ಅಡಿಗೆಯಪ್ಪ, ಅವ್ನ ಹೆಸ್ರೂ ಬರ್ದವ್ರಾ ಮಗ ಇದ್ರಲ್ಲಿ?’

ನಾವು ನಕ್ಕುಬಿಟ್ಟೆವು. ನಕ್ಕ ಮೇಲೆ ನಾಚಿಕೆಯಾಯಿತು. ಮೂರು ವರ್ಷ ಇತಿಹಾಸವನ್ನೇ ಓದಿದ ನಾವು ಒಂದು ದಿನವೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ನಮ್ಮ ಮನೆತನದಲ್ಲಿ ಅದು ಮೊದಲ ಡಿಗ್ರಿ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರದೂ ಹಾಗೆಯೇ. ‘ಸರ್ಕಾರದ ಬಿಟ್ಟಿ ಕೂಳು ತಿಂದು ಓದ್ದೋರು’ ಅಂತ ಊರಿನ ಅರಳಿಕಟ್ಟೆಯಲ್ಲಿ ಅಂದದ್ದನ್ನು ನಾವೂ ಕೇಳಿದ್ದೇವೆ, ನೀವೂ ಕೇಳಿದ್ದೀರಿ. ಗೆಳೆಯರೆ, ಹಾಗಾದರೆ ಆ ಲೆಕ್ಕವನ್ನೇ ತೆಗೆಯೋಣ. ಈ ನಾಡಿನಲ್ಲಿ ಯಾರು ಯಾರು ಯಾರ ಯಾರ ಅನ್ನ ಉಂಡು ಓದಿದರು?

ಲೆಕ್ಕ ಧಾರವಾಡದಿಂದ ಶುರುವಾಗಲಿ. ಆಗ ಅದು ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬೈ ಸರ್ಕಾರದ ತನಕ ಹೋಯಿತು. ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಇವನೊಬ್ಬನಿಗಾಗಿ ಮಿಕ್ಕವರೆಲ್ಲ ಶಾಲೆ ಬಿಡುವಂತಾಗಬಾರದು ಎಂಬುದು ಅವರ ತೀರ್ಮಾನ. ಸರ್ಕಾರದ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಎಂದು 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಬರೆದರು. ಆ ಹುಡುಗನ ಕತೆಯನ್ನು ನಾವು ಓದಿದ ಯಾವ ಪಠ್ಯಪುಸ್ತಕವೂ ನಮಗೆ ಹೇಳಲಿಲ್ಲ.

ಇರಲಿ, ಕಾಗದದ ಮೇಲೆ ಬಾಗಿಲು ತೆರೆಯಿತು. ಬಾಗಿಲು ದಾಟಿದ ಹುಡುಗ ಸಂಜೆ ಎಲ್ಲಿಗೆ ಹೋಗಬೇಕು? ಹೈಸ್ಕೂಲು ಪೇಟೆಯಲ್ಲಿ. ಕಾಲೇಜು ಮೈಸೂರು, ಬೆಂಗಳೂರು, ಮುಂಬೈಯಲ್ಲಿ. ಅಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ?

ಬಡ ಬ್ರಾಹ್ಮಣರ ಮಕ್ಕಳಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಯ ಊಟ. ಆ ಹುಡುಗರ ಬಡತನ ಸುಳ್ಳಲ್ಲ, ಕಂಡವರ ಮನೆಯ ಎಲೆ ಮುಂದೆ ಕೂತಾಗ ಅವರಿಗಾದ ಸಂಕಟವೂ ಸುಳ್ಳಲ್ಲ. ಆದರೆ ವಾರಾನ್ನ ಅಂದರೆ ಏನು? ಜಾತಿ ತನ್ನ ಮಕ್ಕಳಿಗೆ ಕೊಟ್ಟ ಸ್ಕಾಲರ್‌ಷಿಪ್ಪು. ಅದಕ್ಕೆ ಆದಾಯ ಸರ್ಟಿಫಿಕೇಟು ಬೇಕಿರಲಿಲ್ಲ, ಜನಿವಾರ ಸಾಕಿತ್ತು. ಹಾಗೆ ಉಂಡು ಓದಿ ಅಮಲ್ದಾರರೂ ವಕೀಲರೂ ಆದವರನ್ನು ಯಾರೂ ಬಿಟ್ಟಿ ಕೂಳಿನವರು ಅನ್ನಲಿಲ್ಲ. ಕಷ್ಟಪಟ್ಟು ಮೇಲೆ ಬಂದವರು ಅಂದರು. ನಾವೂ ಹಾಗೇ ಅನ್ನುತ್ತೇವೆ. ನಮ್ಮ ಮಕ್ಕಳಿಗೂ ಅದೇ ಮಾತು ಸಲ್ಲಲಿ, ಅಷ್ಟೆ.

ಭೂಮಿ ಇದ್ದ ಜಾತಿಗಳು ಇದನ್ನು ಬೇಗ ಅರ್ಥ ಮಾಡಿಕೊಂಡವು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು, ಹಾಸ್ಟೆಲು ಕಟ್ಟಿತು. ಲಿಂಗಾಯತ ಮಠಗಳು ಉಚಿತ ಪ್ರಸಾದನಿಲಯ ತೆರೆದವು. ಊರಿಂದ ಬಂದ ರಾಗಿ, ಭತ್ತ, ಕಾಯಿ ಪೇಟೆಯಲ್ಲಿ ಓದುವ ಹುಡುಗರ ತಟ್ಟೆಗೆ ಬಿತ್ತು. ನಮ್ಮ ಕೇರಿಗೆ ಮಠವೂ ಇಲ್ಲ, ಕಣಜವೂ ಇಲ್ಲ. ಪೇಟೆಯ ಯಾವ ಜಗಲಿ ನಮ್ಮ ಹುಡುಗನಿಗೆ ಎಲೆ ಹಾಕೀತು? ಊರಿನ ರಾಗಿಯನ್ನು ಬೆಳೆದವರು ಮಾತ್ರ ನಮ್ಮವರು.

ಈ ಕಷ್ಟವನ್ನು ಕಣ್ಣಾರೆ ಕಂಡ ರಾಜ ಕೊಲ್ಲಾಪುರದ ಶಾಹು ಮಹಾರಾಜರು. 1902ರಲ್ಲಿ ಅವರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಅರ್ಧ ಪಾಲು ಎಂದು ಹುಕುಂ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಜಾತಿ ಜಾತಿಯ ಮಕ್ಕಳಿಗೂ ಅವರು ವಸತಿಗೃಹ ಕಟ್ಟಿಸುತ್ತಾ ಹೋದರು. ಅಸ್ಪೃಶ್ಯ ಮಕ್ಕಳ ಮಿಸ್ ಕ್ಲಾರ್ಕ್ ವಸತಿಗೃಹ 1908ರದು. ಊಟವೂ ಹಾಸಿಗೆಯೂ ಇಲ್ಲದೆ ಓದಿಲ್ಲ, ಓದಿಲ್ಲದೆ ನೌಕರಿಯ ಹುಕುಂ ಬರೀ ಕಾಗದ ಎಂಬುದನ್ನು ಅವರು ಬಲ್ಲವರಾಗಿದ್ದರು.

ನಮ್ಮ ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ನೇಮಿಸಿದರು. 1919ರಲ್ಲಿ ವರದಿ ಬಂತು, 1921ರಲ್ಲಿ ಆದೇಶವಾಯಿತು. ಹಿಂದುಳಿದ ಜನರ ಮಕ್ಕಳು ಮೇಲಿನ ಓದು ಓದಲು ಯಾವ ಅನುಕೂಲ ಬೇಕು ಎಂಬುದೂ ಸಮಿತಿಯ ಮುಂದಿದ್ದ ಪ್ರಶ್ನೆ. ದೊಡ್ಡ ಕೆಲಸ ಅದು, ಅಲ್ಲಗಳೆಯುವುದಿಲ್ಲ. ಆದರೆ ಆ ಬಾಗಿಲಲ್ಲಿ ಮೊದಲು ಒಳಗೆ ಹೋದವರು ಭೂಮಿ ಇದ್ದವರ ಮಕ್ಕಳು. ಪಂಚಮರ ಮಕ್ಕಳಿಗೆ ಬೋರ್ಡಿಂಗು, ಹಾಸ್ಟೆಲು ಎಂದು ಜೀವ ಸವೆಸಿದವರು ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅವರಂಥ ಕೆಲವೇ ಜನ. ಅಯ್ಯರ್ ಅವರ ಹೆಸರಿನ ಬೆಂಗಳೂರಿನ ಹಾಸ್ಟೆಲಿನ ಮಾತು ಮುಂದೆ ಬರುತ್ತದೆ.

ಅನ್ನ ಮತ್ತು ಕೋಣೆಯ ಈ ಲೆಕ್ಕವನ್ನು ಮೈಮೇಲೆ ಬರೆಸಿಕೊಂಡು ಬೆಳೆದವರು ಬಾಬಾಸಾಹೇಬರು. ಮುಂಬೈಯ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಮಗನನ್ನು ಬೇಗ ಮಲಗಿಸಿ ಅಪ್ಪ ರಾಮಜಿ ಎಚ್ಚರವಿರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಮಗನನ್ನು ಓದಲು ಎಬ್ಬಿಸಿ ಅವನ ಜಾಗದಲ್ಲಿ ತಾವು ಮಲಗುತ್ತಿದ್ದರು. 1907ರಲ್ಲಿ ಮೆಟ್ರಿಕ್ ಆಯಿತು. ಮುಂದೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದು ನಿಲ್ಲದಂತೆ ಕಾದದ್ದು ಬರೋಡೆಯ ಸಯ್ಯಾಜಿರಾವ್ ಮಹಾರಾಜರು ಕೊಟ್ಟ ತಿಂಗಳಿಗೆ 25 ರೂಪಾಯಿ. 1912ರಲ್ಲಿ ಬಿ.ಎ., 1913ರಲ್ಲಿ ಅದೇ ಬರೋಡೆಯ ನೆರವಿನಿಂದ ಅಮೆರಿಕದ ಕೊಲಂಬಿಯಾ. ತಿಂಗಳಿಗೆ 25 ರೂಪಾಯಿ ತಪ್ಪದೆ ಬಂದದ್ದಕ್ಕೆ ಈ ದೇಶಕ್ಕೆ ಸಂವಿಧಾನ ಬರೆದ ಕೈ ಸಿಕ್ಕಿತು ಅಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಅಷ್ಟು ಓದಿ 1917ರಲ್ಲಿ ಬರೋಡೆಗೆ ಕೆಲಸಕ್ಕೆ ಬಂದರೆ ಮಲಗಲು ಯಾರೂ ಜಾಗ ಕೊಡಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಬೇರೆ ಹೆಸರಿನಲ್ಲಿ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಕೊಲಂಬಿಯಾದ ಓದೂ ಒಂದು ಕೋಣೆ ಕೊಡಿಸಲಿಲ್ಲ.

ಆಮೇಲೆ ಅವರು ಮಾಡಿದ ಕೆಲಸದ ಪಟ್ಟಿ ನೋಡಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ, ಮರುವರ್ಷವೇ ಸೊಲ್ಲಾಪುರದಲ್ಲಿ ಹಾಸ್ಟೆಲು. 1928ರಲ್ಲಿ ದಲಿತರ ಶಿಕ್ಷಣಕ್ಕೆಂದೇ ಇನ್ನೊಂದು ಸಂಸ್ಥೆ. ಅದು ನಡೆಸಿದ ವಿದ್ಯಾರ್ಥಿನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. 1856ರಲ್ಲಿ ಒಬ್ಬ ಹುಡುಗನನ್ನು ಬಾಗಿಲಿಂದ ವಾಪಸು ಕಳಿಸಿದ ಅದೇ ಧಾರವಾಡದಲ್ಲಿ! ಆ ಹುಡುಗನ ಅರ್ಜಿಗೆ ಉತ್ತರ ಬರಲು ಎಪ್ಪತ್ತು ವರ್ಷ ಹಿಡಿಯಿತು. ಉತ್ತರ ಕೊಟ್ಟದ್ದು ಅವನ ಜನರೇ.

1942ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿ ಸೇರಿದ ವರ್ಷವೇ ಬಾಬಾಸಾಹೇಬರು ಒಂದು ಮನವಿ ಕೊಟ್ಟರು. ಬನಾರಸ್ ಮತ್ತು ಅಲಿಗಢ ವಿಶ್ವವಿದ್ಯಾಲಯಗಳಿಗೆ ಮೂರು ಮೂರು ಲಕ್ಷ ಕೊಡುವ ಸರ್ಕಾರ ನಮ್ಮವರ ಮೇಲಿನ ಓದಿಗೆ ಏನು ಕೊಡುತ್ತದೆ ಎಂಬ ಲೆಕ್ಕ ಅದರಲ್ಲಿತ್ತು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಾವು ಆನ್‌ಲೈನಿನಲ್ಲಿ ಅರ್ಜಿ ತುಂಬಿ ಕಾಯುತ್ತೇವಲ್ಲ, ಅದರ ಬೇರು ಅಲ್ಲಿದೆ. 1946ರಲ್ಲಿ ಮುಂಬೈಯ ಸಿದ್ಧಾರ್ಥ ಕಾಲೇಜು ತೆರೆದಾಗ, ಹಗಲು ದುಡಿಯುವ ಹುಡುಗರಿಗೆ ಅನುಕೂಲವಾಗಲಿ ಎಂದು ಪಾಠ ಬೆಳಿಗ್ಗೆಯೇ ನಡೆಯುವಂತೆ ಮಾಡಿದರು. ಹುಡುಗನ ಹೊಟ್ಟೆಪಾಡಿಗೆ ತಕ್ಕಂತೆ ಕಾಲೇಜೇ ತನ್ನ ಗಂಟೆ ಬದಲಿಸಿಕೊಂಡಿತು. 1950ರಲ್ಲಿ ಔರಂಗಾಬಾದಿನ ಮಿಲಿಂದ ಕಾಲೇಜು, ಅದರ ಜೊತೆಗೆ ಹಾಸ್ಟೆಲು. ಮುಂದೆ ಮರಾಠಿಯ ದಲಿತ ಸಾಹಿತ್ಯ ಕಣ್ಣು ಬಿಟ್ಟದ್ದರಲ್ಲಿ ಆ ಆವರಣದ ಪಾಲು ದೊಡ್ಡದು.

ನಮ್ಮ ಕರ್ನಾಟಕದಲ್ಲೂ ಅಷ್ಟೆ. ಮಾಗಡಿ ಸೀಮೆಯ ಕೇರಿಯ ಹುಡುಗ ಸಿದ್ದಲಿಂಗಯ್ಯ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಉಂಡು ಓದಿ ನಮ್ಮೆಲ್ಲರ ಕವಿಯಾದರು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದಾಗ ಅವರ ಪರ ನಿಂತು ಏಟು ತಿಂದವರಲ್ಲಿ ಹಾಸ್ಟೆಲಿನ ಹುಡುಗರಿದ್ದರು. ದಲಿತ ಸಂಘರ್ಷ ಸಮಿತಿ ಊರೂರಿಗೆ ಹಬ್ಬಿದಾಗ ಹಾಡು, ಕರಪತ್ರ, ಚರ್ಚೆ ಹಾಸ್ಟೆಲಿನ ಕೋಣೆಗಳಿಂದ ಹೊರಟವು. ನೀರು ಸಾರು, ತಿಗಣೆ ತುಂಬಿದ ಮಂಚ, ಬೈಯುವ ವಾರ್ಡನ್ ಎಲ್ಲವೂ ಅಲ್ಲಿದ್ದವು. ಆದರೆ ಹತ್ತು ಊರಿನ ಹತ್ತು ಕೇರಿಯ ಹುಡುಗರು ಒಂದೇ ಸೂರಿನ ಕೆಳಗೆ ಕೂತು ‘ನಿಮ್ಮೂರಲ್ಲೂ ಹಿಂಗೇನಾ?’ ಅಂತ ಕೇಳಿಕೊಂಡದ್ದೂ ಅಲ್ಲಿಯೇ.

ನಮ್ಮ ಕಾಲಕ್ಕೆ ಬರೋಣ. ನಾವಿದ್ದ ಹಾಸ್ಟೆಲಿನಲ್ಲಿ ನಾಲ್ವರ ಕೋಣೆಗೆ ಒಂಬತ್ತು ಜನ. ಆದರೂ ನಾವು ಡಿಗ್ರಿ ಮುಗಿಸಿದೆವು. ಮುಗಿಸಿದ್ದು ಹೇಗೆ? ಫೈನಲ್ ಇಯರಿನ ಒಬ್ಬ ಅಣ್ಣ ರಾತ್ರಿ ಊಟವಾದ ಮೇಲೆ ಇಂಗ್ಲಿಷ್ ಪಾಠ ಹೇಳಿಕೊಟ್ಟ. ಕೇಟರಿಂಗ್ ಕೆಲಸಕ್ಕೆ ಹೋಗಿ ತಡವಾಗಿ ಬಂದವರಿಗೆ ಅಡಿಗೆಯಪ್ಪ ತಟ್ಟೆ ಮುಚ್ಚಿಟ್ಟು ಕಾದ. ಮೇಷ್ಟ್ರೊಬ್ಬರು ಪರೀಕ್ಷೆ ಫೀಜು ಕಟ್ಟಿ ‘ಸ್ಕಾಲರ್‌ಷಿಪ್ ಬಂದಾಗ ಕೊಡ್ರಪ್ಪ’ ಅಂದರು.

ನಮ್ಮ ಕೋಣೆಯ ಇನ್ನೊಬ್ಬ ಮುಗಿಸಲಿಲ್ಲ. ಓದಿನಲ್ಲಿ ನಮಗಿಂತ ಚುರುಕು. ಎರಡನೆಯ ವರ್ಷದ ಫೀಜಿನ ಹೊತ್ತಿಗೆ ದುಡ್ಡು ಬರಲಿಲ್ಲ. ಕೇಳಲು ನಾಚಿಕೊಂಡ. ‘ಊರಿಗೆ ಹೋಗ್ ಬತ್ತೀನಿ ಕಣ್ರೋ’ ಅಂತ ಟ್ರಂಕು ಎತ್ತಿಕೊಂಡು ಹೋದ. ಎಂಟು ತಿಂಗಳಾದ ಮೇಲೆ, ಪೀಣ್ಯದ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದಾಗ ಸ್ಕಾಲರ್‌ಷಿಪ್ ಜಮೆಯಾದ ಮೆಸೇಜು ಅವನ ಮೊಬೈಲಿಗೆ ಬಂತು.

ಯೋಜನೆ ಇಲ್ಲವೆಂದಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಐದು ವರ್ಷಕ್ಕೆಂದು 59,048 ಕೋಟಿಯ ಯೋಜನೆಗೆ ಒಪ್ಪಿತು. ಕೇಂದ್ರ ನೂರಕ್ಕೆ 60, ರಾಜ್ಯ 40 ಎಂದು ಪಾಲು ಹಾಕಿತು. ಕೇಳಲು ದೊಡ್ಡ ಮೊತ್ತ. 2021ರ ನಿಯಮದಲ್ಲಿ ಬಿ.ಎ. ಓದುವ ಹಾಸ್ಟೆಲಿನ ಹುಡುಗನಿಗೆ ಫೀಜು ಬಿಟ್ಟು ಕೊಡುವ ಭತ್ಯೆ ವರ್ಷಕ್ಕೆ 6,000. ಮನೆಯಿಂದ ಹೋಗಿಬರುವವನಿಗೆ 3,000. ತಿಂಗಳಿಗೆ ಹಂಚಿದರೆ 500 ಮತ್ತು 250. ಅದೂ ವೇಳೆಗೆ ಬಂದರೆ!

ವೇಳೆಯ ಬೆಲೆ ಏನು ಎಂದು 2024ರಲ್ಲಿ ದೇಶವೇ ನೋಡಿತು. ಉತ್ತರ ಪ್ರದೇಶದ ಕೂಲಿಕಾರರೊಬ್ಬರ ಮಗ, ದಲಿತ ಹುಡುಗ, ಧನ್‌ಬಾದಿನ ಐಐಟಿಯಲ್ಲಿ ಸೀಟು ಗೆದ್ದ. ಗಡುವಿನೊಳಗೆ 17,500 ರೂಪಾಯಿ ಕಟ್ಟಲಾಗದೆ ಸೀಟು ಹೋಯಿತು. ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟು ಸೀಟು ಕೊಡಿಸಿತು. ಅವನು ಕೋರ್ಟಿನ ತನಕ ಮುಟ್ಟಿದ. ಮುಟ್ಟಲಾರದವರು ಎಷ್ಟು ಕೇರಿಗಳಲ್ಲಿದ್ದಾರೆ? 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಏಳು ತಿಂಗಳ ಫೆಲೋಷಿಪ್ ಅವರಿಗೆ ಬರಬೇಕಿತ್ತು. ಆ ಸಾವಿಗೆ ದುಡ್ಡೊಂದೇ ಕಾರಣ ಅನ್ನುವುದಿಲ್ಲ. ಆದರೆ ಹೋರಾಡುವ ಹುಡುಗನ ಬೆನ್ನಿಗೆ ಅನ್ನವೂ ಇಲ್ಲದಂತೆ ಮಾಡುವುದು ಎಂಥ ಕ್ರೌರ್ಯ!

ನಮ್ಮ ತಂಗಿಯರ ಮಾತು ಇನ್ನೂ ಬಿಗಿ. ಗಂಡು ಹುಡುಗ ಬಸ್‌ಸ್ಟ್ಯಾಂಡಿನಲ್ಲಾದರೂ ಮಲಗಿಯಾನು. ಹುಡುಗಿಗೆ ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ಆ ವರ್ಷವೇ ಮದುವೆ ಮಾತು ಬರುತ್ತದೆ. 2023ರ ಜೂನಿನಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಬಿಟ್ಟಿಯಾದ ಮೇಲೆ ನಮ್ಮ ಕೇರಿಯ ಮೂವರು ಹುಡುಗಿಯರು ತಾಲ್ಲೂಕು ಕಾಲೇಜಿಗೆ ಹೋಗಿಬರುತ್ತಿದ್ದರು. ಅಪ್ಪಂದಿರು ತಕರಾರು ತೆಗೆಯಲು ಬಸ್ ಚಾರ್ಜಿನ ನೆಪ ಇಲ್ಲವಾಯಿತು.

ಗೆಳೆಯರೆ, ನಾವು ಹೇಳುವುದು ಇಷ್ಟು. ಸೀಟು ಕೊಟ್ಟರೆ ಓದಿಸಿದಂತಲ್ಲ. ಅನ್ನ, ಹಾಸಿಗೆ, ವೇಳೆಗೆ ಸರಿಯಾಗಿ ದುಡ್ಡು, ಅರ್ಥವಾಗದ್ದನ್ನು ಕೂತು ಹೇಳಿಕೊಡುವ ಒಬ್ಬ ಮನುಷ್ಯ, ಇವು ಕೂಡಿದರೆ ಕೇರಿಯ ಹುಡುಗ ಡಿಗ್ರಿ ಮುಗಿಸುತ್ತಾನೆ. ಒಂದು ತಪ್ಪಿದರೂ ಟ್ರಂಕು ಎತ್ತುತ್ತಾನೆ. ಹಳ್ಳಿಯ ಮೇಷ್ಟ್ರೇ, ಹತ್ತನೆಯ ಕ್ಲಾಸು ಮುಗಿಯುವ ಮೊದಲೇ ಮಕ್ಕಳ ಜಾತಿ, ಆದಾಯ ಸರ್ಟಿಫಿಕೇಟು ಮಾಡಿಸಿಕೊಡಿ. ಆಧಾರಿನಲ್ಲಿರುವ ಹೆಸರು, ಅಂಕಪಟ್ಟಿಯಲ್ಲಿರುವ ಹೆಸರು ಒಂದೇ ಆಗಿದೆಯೇ ನೋಡಿ. ಒಂದಕ್ಷರ ತಪ್ಪಿ ವರ್ಷದ ದುಡ್ಡು ನಿಂತದ್ದನ್ನು ಕಂಡಿದ್ದೇವೆ. ಸಂಘಟನೆಯ ಗೆಳೆಯರೆ, ಜಯಂತಿಯ ದಿನ ಹಾರ ಹಾಕಿದ ಮೇಲೆ ಹಾಸ್ಟೆಲಿನ ಅಡಿಗೆಮನೆಗೂ ಹೋಗಿ. ಎಷ್ಟು ಜನರ ಅರ್ಜಿ ಬಾಕಿ ಇದೆ ಎಂದು ಪಟ್ಟಿ ಬರೆದುಕೊಂಡು ಕಚೇರಿಯಲ್ಲಿ ಕೂರಿ. ಡಿಗ್ರಿ ಮುಗಿಸಿದವರೆ, ವಾರಕ್ಕೊಂದು ರಾತ್ರಿ ಹಾಸ್ಟೆಲಿಗೆ ಹೋಗಿ ಪಾಠ ಹೇಳಿ.

‘ಸರ್ಕಾರದ ಕೂಳು’ ಅನ್ನುವವರಿಗೆ ಒಂದು ಮಾತು. ಸರ್ಕಾರ ಉಳುತ್ತದೆಯೇ, ನಾಟಿ ಹಾಕುತ್ತದೆಯೇ? ನಮ್ಮವ್ವ ಸೋಪು, ಬೆಂಕಿಪೊಟ್ಟಣ ಕೊಂಡಾಗಲೆಲ್ಲ ತೆರಿಗೆ ಕಟ್ಟಿದ್ದಾಳೆ. ಕಂಡವರ ಗದ್ದೆಯಲ್ಲಿ ಬಗ್ಗಿ ಬೆಳೆದಿದ್ದಾಳೆ. ಹಾಸ್ಟೆಲಿನ ತಟ್ಟೆಗೆ ಬಿದ್ದದ್ದು ಅವಳದೇ ಅನ್ನ, ತಡವಾಗಿ ವಾಪಸು ಬಂದದ್ದು.

ಮುಂದಿನ ವಾರ ನಾವು ಸರ್ಟಿಫಿಕೇಟು ಹಿಡಿದು ಹಾಸ್ಟೆಲಿಗೆ ಹೋದೆವು. ಅಡಿಗೆಯಪ್ಪ ಮುದ್ದೆ ತೊಳಸುತ್ತಿದ್ದ. ಅವ್ವ ಕೇಳಿದ್ದನ್ನು ಹೇಳಿದೆವು. ಕೈ ಒರೆಸಿಕೊಂಡು ಕಾಗದ ನೋಡಿದ. ‘ಅಲ್ಲಿ ನಂದೇನ್ ಹೆಸ್ರು ಬುಡ್ರಪ್ಪ. ಆ ಹುಡ್ಗ ಇನ್ನಾ ಬರ್ನೇ ಇಲ್ವಲ್ಲ, ಅವ್ನ್ನ ಕರ್ಕಬನ್ನಿ ಮೊದ್ಲು’ ಅಂದ.

ಪೀಣ್ಯಕ್ಕೆ ಹೋಗಿ ಬಂದಿದ್ದೇವೆ. ನಿಂತ ಪರೀಕ್ಷೆಗೆ ಅವನ ಫೀಜನ್ನು ಈ ಸಲ ಐದು ಜನ ಸೇರಿ ಕಟ್ಟಿದ್ದೇವೆ.