ಹೋಳಿ ಹುಣ್ಣಿಮೆಯ ಪಾವಣ್ಯಾರು

ಬಾಗಲಕೋಟೆಯ ಹೆಸರಿಗೆ ಎರಡು ಐತಿಹ್ಯಗಳಿವೆ. ರಾವಣ ಈ ಊರನ್ನು ತನ್ನ ವಾದ್ಯಗಾರರಿಗೆ ಕೊಟ್ಟಿದ್ದನಂತೆ. ಇನ್ನೊಂದು ಕಥೆಯಲ್ಲಿ ಬಿಜಾಪುರದ ಸುಲ್ತಾನನೊಬ್ಬ ಮಗಳ ಬಳೆಯ ಖರ್ಚಿಗೆಂದು ಊರನ್ನೇ ಬಿಟ್ಟುಕೊಟ್ಟ, ಬಳೆಯಿಂದ 'ಬಾಗಡಿಕೋಟೆ' ಆಯಿತು. ಇತಿಹಾಸಕಾರರು ಎರಡನ್ನೂ ನಂಬಲಿಕ್ಕಿಲ್ಲ. ಆದರೆ ಹೋಳಿ ವಾರದಲ್ಲಿ ಇಲ್ಲಿಗೆ ಬಂದವರಿಗೆ ಎರಡೂ ನಿಜ ಅನ್ನಿಸುತ್ತವೆ. ಓಣಿಯಲ್ಲಿ ಹಲಗಿಯ ಸಪ್ಪಳ, ಮನೆಯೊಳಗೆ ತವರಿಗೆ ಬಂದ ಹೆಣ್ಣುಮಕ್ಕಳ ಬಳೆಯ ಸಪ್ಪಳ.

ಉಳಿದ ಊರುಗಳಿಗೆ ಒಂದು ದಿನದ ಹೋಳಿ ನಮ್ಮಲ್ಲಿ ಐದು ದಿನದ್ದು. ಅದರಲ್ಲಿ ಮೂರು ದಿನ ಬಣ್ಣದಾಟ. ಕೋಲ್ಕತ್ತಾ ಬಿಟ್ಟರೆ ನಾವೇ ಎಂದು ಬಾಗಲಕೋಟೆಯವರು ಕೊಚ್ಚಿಕೊಳ್ಳುತ್ತಾರೆ, ನಾನೂ ಕೊಚ್ಚಿಕೊಂಡಿದ್ದೇನೆ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಪೇಟೆಗಳೇ ಹಬ್ಬದ ಯಜಮಾನರು. 1686ರಲ್ಲಿ ಆದಿಲ್‌ಶಾಹಿ ಮುಗಿಯಿತು. ಸವಣೂರಿನ ನವಾಬರು, ಪೇಶ್ವೆಗಳು, ಹೈದರಾಲಿ ಎಲ್ಲರೂ ಬಂದುಹೋದರು. 1818ರಲ್ಲಿ ಇಂಗ್ಲಿಷರು ಬಂದರು. ದೊರೆಗಳು ಬದಲಾದರೂ ಹಬ್ಬ ಪೇಟೆಯವರ ಕೈಯಲ್ಲೇ ಉಳಿಯಿತು. ಎತ್ತಿನ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು, ಲಾರಿ ಬಂದವು. ಬ್ಯಾರಲ್ಲುಗಳಲ್ಲಿ ಬಣ್ಣ ತುಂಬಿಕೊಂಡು ಒಂದು ಬಂಡಿಯವರು ಇನ್ನೊಂದು ಬಂಡಿಯವರಿಗೆ ಎರಚುವ ಆಟ ಮಾತ್ರ ಹಾಗೇ ಇದೆ.

ಇದನ್ನೆಲ್ಲ ಪತ್ರಿಕೆಗಳು ಪ್ರತಿವರ್ಷ ಫೋಟೊ ಸಮೇತ ಬರೆಯುತ್ತವೆ. ಬಂಡಿಯ ಮೇಲಿನವರು ರಾತ್ರಿ ಎಲ್ಲಿ ಮಲಗಿದರು, ಅವರಿಗೆ ರೊಟ್ಟಿ ಬಡಿದವರು ಯಾರು ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಅತಿಥಿಗಳಿಗೆ ನಮ್ಮ ಕಡೆ ಪಾವಣ್ಯಾರು ಅನ್ನುತ್ತಾರೆ. ಸೊಲ್ಲಾಪುರ, ಪುಣೆಗೆ ದುಡಿಯಲು ಹೋದವರು, ಹುನಗುಂದ, ಬಾದಾಮಿ ಕಡೆ ಕೊಟ್ಟ ಹೆಣ್ಣುಮಕ್ಕಳು, ಅವರ ಹಿಂದೆ ಬೀಗರ ಹುಡುಗರು, ಹೀಗೆ ವಾರವಿಡೀ ಮನೆ ತುಂಬಿರುತ್ತಿತ್ತು. ಹೊರಡುವ ಮಗಳಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ. ಅದರ ಸಾಲ ತೀರುವಷ್ಟರಲ್ಲಿ ಮುಂದಿನ ಹೋಳಿ ಬಂದಿರುತ್ತಿತ್ತು.

ನಮ್ಮ ಮನೆ ಸಾಬರ ಮನೆ. ಅಬ್ಬಾ ಬಣ್ಣ ಮುಟ್ಟುತ್ತಿರಲಿಲ್ಲ. ಆದರೆ ಹೋಳಿಗೆ ಒಂದು ವಾರ ಮೊದಲೇ ದಾದಿ ಹಾಸಿಗೆಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಪಕ್ಕದ ಮನೆಯ ಗೌಡ್ತಿ ಬಂದು, "ಬೂಬೂ, ನಮ್ಮ ನಾಕ ಮಂದಿ ನಿಮ್ಮ ಪಡಸಾಲ್ಯಾಗ ಮಕ್ಕೋತಾರ್ರಿ" ಅಂದರೆ ಸಾಕಿತ್ತು. ಸೌಹಾರ್ದ ಎಂಬ ಪದ ನಮ್ಮ ಓಣಿಯಲ್ಲಿ ನಾನು ಕೇಳಿದ್ದೇ ಇಲ್ಲ. ಅಲ್ಲಿದ್ದದ್ದು ಚಾಪೆ ಎಷ್ಟು, ಕೌದಿ ಎಷ್ಟು ಎಂಬ ಲೆಕ್ಕ.

ಹಳೆಯದೆಲ್ಲ ಚೆಂದವಿತ್ತು ಎಂದು ಹೇಳಲಾರೆ. ಆ ವಾರದ ಬೈಗುಳದ ಬೊಬ್ಬೆಗೆ ಹೆಂಗಸರು ಬಾಗಿಲು ಹಾಕಿಕೊಂಡು ಕೂರಬೇಕಿತ್ತು. ಕಾಮನನ್ನು ಸುಡುವ ಬೆಂಕಿ ದಲಿತರ ಮನೆಯಿಂದ ಬರಬೇಕೆಂಬುದು ಊರಿನ ಸಂಪ್ರದಾಯ, ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬೆಂಕಿ ಕೊಟ್ಟ ಮನೆಯವರನ್ನು ಎಷ್ಟು ಮನೆಗಳು ಪಾವಣ್ಯಾರೆಂದು ಒಳಗೆ ಕರೆದು ಎಲೆ ಹಾಕಿದವು? ಈ ಪ್ರಶ್ನೆ ನಮ್ಮ ಮನೆಗೂ ಸೇರಿದ್ದು.

ಹೋಳಿ ಹುಣ್ಣಿಮೆಗೆ. ಶಬೆ ಬರಾತ್ ಶಾಬಾನ್ ತಿಂಗಳ ಹುಣ್ಣಿಮೆಯ ಆಸುಪಾಸಿಗೆ. ನಮ್ಮ ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಮೂವತ್ತು ಚಿಲ್ಲರೆ ವರ್ಷಕ್ಕೊಮ್ಮೆ ಎರಡೂ ಜೊತೆಯಾಗುತ್ತವೆ. 1989, 1990ರಲ್ಲಿ ಹಾಗಾಗಿತ್ತು. ಆಗ ನಾನು ಚಿಕ್ಕವನು. ಗೌಡರ ಮನೆಯಲ್ಲಿ ಹೋಳಿಗೆಯ ಹೂರಣಕ್ಕೆ ಕಡಲೆಬೇಳೆ ಬೇಯುತ್ತಿತ್ತು, ನಮ್ಮಲ್ಲಿ ಹಲ್ವಾಕ್ಕೆ ಅದೇ ಬೇಳೆ. ರುಬ್ಬುವ ಕಲ್ಲು ಮಾತ್ರ ಒಂದೇ, ಅದು ಅವರದು. ಯಾರದು ಮೊದಲು ಎಂಬ ಜಗಳವೂ ಆಗುತ್ತಿತ್ತು.

ಆ ಎರಡು ಮನೆಗಳೂ ಈಗ ಇಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗಲೇ ನಮ್ಮ ಓಣಿಯ ಹಣೆಬರಹ ಬರೆದಾಗಿತ್ತು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರಕ್ಕೆ ಒಪ್ಪಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟನ್ನು ದೇಶಕ್ಕೆ ಅರ್ಪಿಸಿದರು. ಕೃಷ್ಣೆಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೆ ಊರಿನ ತಗ್ಗಿನ ಓಣಿಗಳನ್ನು ನುಂಗಿತು. ಜನರ ಬಾಯಲ್ಲಿ ಅದಕ್ಕೆ ಒಂದೇ ಪದ: ಮುಳುಗಡೆ. 2010ರಲ್ಲಿ ಎರಡನೆಯ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಅಷ್ಟು ನೀರು ನಿಂತರೆ ಉಳಿದ ಊರಿನಲ್ಲೂ ಇನ್ನಷ್ಟು ಹೋಗುತ್ತದೆ.

ಒಣಗಿದ ಜಿಲ್ಲೆಗಳಿಗೆ ನೀರು ಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಪರಿಹಾರದ ಕಾಗದದಲ್ಲಿ ಗೋಡೆ, ಬಾಗಿಲು, ಮಾಳಿಗೆಗೆ ಬೆಲೆ ಕಟ್ಟಿದರು. ಪಕ್ಕದ ಮನೆಗೆ ಬೆಲೆ ಕಟ್ಟುವ ಕಾಲಂ ಇರಲಿಲ್ಲ. ನವನಗರದಲ್ಲಿ ನಮಗೆ ಒಂದು ಸೆಕ್ಟರ್, ಗೌಡರಿಗೆ ಮತ್ತೊಂದು. ಅಗಲವಾದ ರಸ್ತೆ, ಒಳ್ಳೆಯ ಗಟಾರ, ಗಿಡಮರ ಎಲ್ಲ ಇವೆ. ಸೆಕ್ಟರಿಗೆ ನಂಬರ್ ಇದೆ, ಪೇಟೆಯ ಹೆಸರಿಲ್ಲ. ಪಡಸಾಲೆಯೂ ಇಲ್ಲ. ಪಾವಣ್ಯಾರು ಈಗ ಮೊದಲೇ ಫೋನ್ ಮಾಡಿ, "ಜಾಗಾ ಐತಿಲ್ರಿ?" ಎಂದು ಕೇಳಿ ಬರುತ್ತಾರೆ. ಕೆಲವರು ಲಾಡ್ಜಿನಲ್ಲಿ ಇಳಿಯುತ್ತಾರೆ. ಬಂಡಿ ನೋಡಲು ಮಾತ್ರ ಎಲ್ಲರೂ ಹಳೆ ಊರಿಗೇ ಹೋಗಬೇಕು.

2022, 2023ರಲ್ಲಿ ಹೋಳಿ, ಶಬೆ ಬರಾತ್ ಮತ್ತೆ ಜೊತೆಯಾದವು. ಮರುವರ್ಷದಿಂದ ಹೋಳಿ ರಂಜಾನಿನ ನಡುವೆ ಬೀಳತೊಡಗಿತು. 2025ರಲ್ಲಂತೂ ಬಣ್ಣದ ದಿನವೇ ಶುಕ್ರವಾರ. ಉತ್ತರ ಭಾರತದ ಊರುಗಳಲ್ಲಿ ಮಸೀದಿಗಳಿಗೆ ತಾಡಪಾಲು ಹೊದಿಸಿದ ಚಿತ್ರಗಳನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ಅದನ್ನು ನೋಡಿ ಹೆಂಡತಿ, "ಈ ವರ್ಷ ಯಾರೂ ಬರೂದಿಲ್ಲೇನೋ" ಅಂದಳು.

ಗೌಡರ ಮೊಮ್ಮಗ ಬಂದ. ಪುಣೆಯಿಂದ ಇಬ್ಬರು ಗೆಳೆಯರನ್ನೂ ಕರೆತಂದಿದ್ದ. ಹಳೆ ಊರಿನಿಂದ ಅಸರ್ ನಮಾಜಿನ ಹೊತ್ತಿಗೆ ನೀಲಿ, ಗುಲಾಬಿ ಬಣ್ಣದಲ್ಲಿ ನೆಂದು ಬಂದವರು ರೋಜಾದ ಮನೆ ಎಂದು ಒಳಗೆ ಕಾಲಿಡಲು ಅಳುಕಿದರು. ಹಿತ್ತಲಿನ ನಲ್ಲಿ ತೋರಿಸಿದೆ. ಗೆಳೆಯರಲ್ಲಿ ಒಬ್ಬ ಬಾಯಾರಿದ್ದರೂ ನೀರು ಕೇಳಲು ನಾಚಿಕೊಂಡಿದ್ದ. ಹೆಂಡತಿಯೇ ತಂಬಿಗೆ ತಂದು, "ರೋಜಾ ನಮ್ದದಪ್ಪಾ, ನಿಮ್ದಲ್ಲ" ಎಂದು ಕೈಗೆ ಕೊಟ್ಟಳು. ಇಫ್ತಾರಿಗೆ ಖರ್ಜೂರ ಕಡಿಮೆ ಬಿದ್ದು ಮೂಲೆಯ ಅಂಗಡಿಗೆ ಓಡಿದೆ.

ಅವರು ಹೋದ ಮೇಲೆ ನೋಡಿದರೆ ಹಿತ್ತಲ ಗೋಡೆಯ ಮೇಲೆ ಮೂರು ಅಂಗೈ ಗುರುತು. ತಿಕ್ಕಿದೆ, ಹೋಗಲಿಲ್ಲ. "ಈದಿಗೆ ಸುಣ್ಣಾ ಹಚ್ಚೂದೈತಲ್ರಿ, ಇರ್ಲಿ ಬಿಡ್ರಿ" ಎಂದಳು ಹೆಂಡತಿ.