ಆಯಿಯ ಗೂಡಿನ ಶೀಸೆ

ಭಾಲ್ಕಿಯ ನಮ್ಮ ತವರುಮನೆಯಲ್ಲಿ ಅಡುಗೆಮನೆಯ ಗೋಡೆಗೊಂದು ಗೂಡಿತ್ತು. ಉಪ್ಪಿನ ಗಡಿಗೆಯ ಪಕ್ಕ ಅಲ್ಲಿ ಕಂದುಗೆಂಪು ದವಾ ತುಂಬಿದ ಪುಟ್ಟ ಶೀಸೆ ಸದಾ ಇರುತ್ತಿತ್ತು. ಅದರ ಡಬ್ಬಿಯ ಮೇಲೆ ಕಪ್ಪು ಮೈಯ ಯೋಧನ ಚಿತ್ರ. ದೀಪಾವಳಿ ಕಳೆದು ಚಳಿ ಬಿತ್ತೆಂದರೆ ನನ್ನ ಮೂಗು ಕಟ್ಟಿ, ಹುಬ್ಬಿನ ಮೇಲೆ ಕಲ್ಲು ಹೇರಿದಂತಾಗುತ್ತಿತ್ತು. ಆಯಿ ಕುದಿಯುವ ನೀರಿನ ಭಗೋಣಿಗೆ ಆ ದವಾದ ನಾಲ್ಕು ಹನಿ ಹಾಕಿ, ನನ್ನ ತಲೆಯ ಮೇಲೆ ಕೌದಿ ಹೊದಿಸಿ, “ಕಣ್ಣು ಮುಚ್ಚು ತಂಗಿ, ಮೂಗಿಲೆ ಉಸಿರು ಎಳಿ” ಎನ್ನುತ್ತಿದ್ದಳು.

ಆ ಶೀಸೆ ‘ಜಿಂದಾ ತಿಲಿಸ್ಮಾತ್’. ಅದು ನಮ್ಮ ಮನೆಗೆ ಬಂದ ದಾರಿಯೇ ನಮ್ಮ ಜಿಲ್ಲೆಯ ಚರಿತ್ರೆ. 1920ರಲ್ಲಿ ಹೈದರಾಬಾದಿನ ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿಯವರು ಅದನ್ನು ಆರಂಭಿಸಿದರು. ನೀಲಗಿರಿ ಎಣ್ಣೆ, ಕರ್ಪೂರ, ಮೆಂಥಾಲ್, ಓಮದಲ್ಲಿರುವ ಥೈಮಾಲ್ ಅದರ ಸಾಮಗ್ರಿ. ಬಣ್ಣ ಬಂದದ್ದು ರತನ್‌ಜೋತ್ ಬೇರಿನಿಂದ. ಹೆಸರಿನ ಅರ್ಥ ‘ಜೀವಂತ ಮಾಯೆ’. ಚಿತ್ರದಲ್ಲಿದ್ದವನು ನಿಜಾಮರ ಸೇನೆಯಲ್ಲಿದ್ದ ಆಫ್ರಿಕಾ ಮೂಲದ ಸಿದ್ದಿ.

ಆಗ ಬೀದರ, ಭಾಲ್ಕಿ, ಔರಾದಗಳೆಲ್ಲ ನಿಜಾಮ ರಾಜ್ಯದಲ್ಲಿದ್ದವು. ಕೋರ್ಟು ಕಚೇರಿಗಳ ಭಾಷೆ ಉರ್ದು. ಮುತ್ತ್ಯಾ ಉರ್ದು ಕಲಿತವರು, ಡಬ್ಬಿಯ ಮೇಲಿನ ಬರಹ ಓದುತ್ತಿದ್ದರು. ಆಯಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಆಕೆಗೆ ಚಿತ್ರವೇ ಹೆಸರು, ‘ಸಿದ್ದಿ ದವಾ’. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಜಿಲ್ಲೆಯೇ ಒಡೆಯಿತು. ನಾವು ಮೈಸೂರು ರಾಜ್ಯಕ್ಕೆ ಬಂದೆವು. ಉದಗೀರ ಮುಂಬಯಿ ರಾಜ್ಯಕ್ಕೂ ಜಹೀರಾಬಾದ ಆಂಧ್ರಕ್ಕೂ ಹೋದವು. ಮೂರೂ ಕಡೆ ನಮ್ಮ ನೆಂಟರಿದ್ದರು. ರಾಜ್ಯಗಳು ಬೇರೆಯಾದರೂ ಅವರೆಲ್ಲರ ಮನೆಯ ಗೂಡಿನಲ್ಲಿ ಇದೇ ಶೀಸೆ ಉಳಿಯಿತು.

ಮದುವೆಯಾಗಿ ಔರಾದಕ್ಕೆ ಬಂದೆ. ಶಾಲೆಯ ಸೀಮೆಸುಣ್ಣದ ಧೂಳು ನನ್ನ ಮೂಗಿನ ತೊಂದರೆಯನ್ನು ಹೆಚ್ಚಿಸಿತು. 1998ರ ಒಂದು ಸಂಜೆ ಬರೀ ಬಿಸಿನೀರಿನ ಭಗೋಣಿಯನ್ನು ಮಂಚದ ಮೇಲಿಟ್ಟುಕೊಂಡು, ಕೌದಿ ಹೊದ್ದು ಹಬೆ ತೆಗೆದುಕೊಳ್ಳುತ್ತಿದ್ದೆ. ಮೂರು ವರ್ಷದ ಮಗ ಆಟವೆಂದು ಕೌದಿ ಎಳೆದ. ನೀರು ಅವನ ಎಡಗೈ ಮೇಲೆ ಚೆಲ್ಲಿತು. ಅತ್ತೆಯವರು ನನಗೆ ಒಂದು ಮಾತೂ ಅನ್ನದೆ ಅವನ ಕೈಗೆ ತಣ್ಣೀರು ಹೊಯ್ಯುತ್ತ ಕುಳಿತರು. ಬೈದಿದ್ದರೆ ಹಗುರಾಗುತ್ತಿದ್ದೆನೇನೊ. ತಪ್ಪು ನನ್ನದೇ. ಆ ಕಲೆ ಇಂದಿಗೂ ಇದೆ.

ಆಮೇಲೆ ಈ ವಿಷಯವನ್ನು ಓದಿ ತಿಳಿಯತೊಡಗಿದೆ. ಮುಖದ ಎಲುಬುಗಳೊಳಗೆ ನಾಲ್ಕು ಜೋಡಿ ಗಾಳಿಯ ಗೂಡುಗಳಿವೆ, ಅವೇ ಸೈನಸ್. ನೆಗಡಿಯಲ್ಲಿ ಒಳಪೊರೆ ಊದಿ ಅವುಗಳ ಬಾಗಿಲು ಮುಚ್ಚುತ್ತದೆ, ಸಿಂಬಳ ಒಳಗೇ ನಿಲ್ಲುತ್ತದೆ. ಮೆಂಥಾಲ್ ಆ ಬಾಗಿಲನ್ನು ತೆರೆಯುವುದಿಲ್ಲ. ತಂಪನ್ನು ಅರಿಯುವ ನರಗಳನ್ನು ಎಚ್ಚರಿಸಿ, ಉಸಿರು ಸರಾಗವಾಯಿತೆಂಬ ಭಾವ ಕೊಡುತ್ತದೆ, ಅಷ್ಟೆ. ಆ ನೆಮ್ಮದಿ ಸುಳ್ಳಲ್ಲ. ಆದರೆ ರೋಗ ವಾಸಿಯಾಗುವುದು ದೇಹದ ಕೆಲಸ. 2021ರಲ್ಲಿ ಊರಿಗೆ ಊರೇ ಕೊರೊನಾಕ್ಕೆ ಹೆದರಿ ಹಬೆಗೆ ಕುಳಿತಾಗ ಈ ಮಾತನ್ನು ಓಣಿಯ ಹೆಂಗಸರಿಗೆ ಹೇಳಿ ಹೇಳಿ ಸಾಕಾಗಿತ್ತು.

ಹಠಯೋಗದ ಜಲನೇತಿಯಂತೆ ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ. ನೀರು ಮಾತ್ರ ಕುದಿಸಿ ಆರಿಸಿದ್ದಾಗಿರಬೇಕು. ಕರ್ಪೂರ, ನೀಲಗಿರಿ ಎಣ್ಣೆ ಕೂಸುಗಳ ಹೊಟ್ಟೆಗೆ ಹೋದರೆ ಸೆಳವು ಬರಬಹುದು. ಹತ್ತು ದಿನ ಕಳೆದರೂ ನೆಗಡಿ ಇಳಿಯದಿದ್ದರೆ, ಜ್ವರ ಏರಿದರೆ, ಕಣ್ಣಿನ ಸುತ್ತ ಬಾವು ಬಂದರೆ ಮನೆಮದ್ದು ಸಾಕು, ಡಾಕ್ಟರ ಬಳಿ ಹೋಗಬೇಕು.

ಈಗ ಬೀದರದ ನಮ್ಮ ಮನೆಯಲ್ಲಿ ಶೀಸೆ ಕಪಾಟಿನ ಮೇಲಿನ ಅರೆಯಲ್ಲಿದೆ. ಮೊನ್ನೆ ಮಗ ಫೋನು ಮಾಡಿದ: “ಅವ್ವಾ, ಕೂಸಿನ ಮೂಗು ಕಟ್ಯಾದ. ಹಬಿ ಕೊಡ್ಲೇನು?”

“ಬ್ಯಾಡಪ್ಪ. ಡಾಕ್ಟರಿಗಿ ತೋರ್ಸು, ಉಪ್ಪುನೀರಿನ ಹನಿ ಕೊಡ್ತಾರ” ಎಂದೆ. ಆಮೇಲೆ ಗಂಟಲು ಬಿಗಿಯಿತು. “ನಿನ್ನ ಕೈ ನೋಡ್ಕೊ” ಎಂದಷ್ಟೆ ಹೇಳಿ ಫೋನಿಟ್ಟೆ.